ನಮ್ಮ ಮನೆಯ ವೈಫೈಗೆ ಸೇರಿಕೊಂಡವರು ಯಾರು?

(ಗೂಡಲೂರು ಕಡೆಯ ತೋಟದ ಕುಟುಂಬಗಳ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಎಲೆ ಕೊಯ್ದು, ತೂಕಕ್ಕೆ ಹಾಕಿ, ಮನೆಯ ಅಡಿಗೆಯನ್ನೂ ಮುಗಿಸಿ, ಈ ಚಳಿಯಲ್ಲಿ ಬಂದು ಕುಳಿತಿದ್ದೀರಿ. ನಿಮ್ಮ ಹೊತ್ತನ್ನು ಹಾಳು ಮಾಡಬಾರದು. ನಾನು ವಿದ್ವಾಂಸನಲ್ಲ. ಫ್ಯಾಕ್ಟರಿಯಲ್ಲಿ ಮೋಟಾರು, ತಂತಿ ನೋಡಿಕೊಳ್ಳುವ ಕೆಲಸಗಾರ. ಇಂದು ನಾನು ಹೇಳುವುದು ನಾನು ಮಾಡಿದ ಒಂದು ತಪ್ಪಿನ ಕಥೆ, ಮತ್ತು ಆ ತಪ್ಪನ್ನು ನೀವು ಮಾಡದಿರಲು ತಿಳಿದಿರಬೇಕಾದ ನಾಲ್ಕು ವಿಷಯಗಳು.

2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ನಮ್ಮ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತಿದ್ದು ನಿಮಗೆ ನೆನಪಿದೆ. ಆ ಕಷ್ಟ ಕಂಡೇ ನಮ್ಮಲ್ಲಿ ಕೆಲವರು ಆಮೇಲೆ ಸಾಲ ಮಾಡಿ ಮನೆಗೆ ಇಂಟರ್‌ನೆಟ್ ತಂತಿ ಎಳೆಸಿಕೊಂಡೆವು. ಗೋಡೆಯಲ್ಲಿ ಒಂದು ಪೆಟ್ಟಿಗೆ ಕುಳಿತಿತು. ಅದಕ್ಕೆ ರೂಟರ್ ಎನ್ನುತ್ತಾರೆ. ತಂತಿಯಲ್ಲಿ ಬಂದದ್ದನ್ನು ಅದು ಗಾಳಿಯ ಅಲೆಯಾಗಿ ಮಾಡಿ ಮನೆಯೊಳಗಿನ ಫೋನುಗಳಿಗೆ ಹಂಚುತ್ತದೆ. ಆ ಅಲೆಗೆ ನಮ್ಮ ಮನೆ ಪಕ್ಕದ ಮನೆ ಎಂಬ ಭೇದವಿಲ್ಲ. ಲಯಿನಿನಲ್ಲಿ ಎರಡು ಮನೆಗೆ ಒಂದೇ ಗೋಡೆ. ಅಲೆ ಅದನ್ನು ದಾಟಿ ಹೋಗುತ್ತದೆ. ಒಳಗೆ ಬರಲು ಇರುವ ಬೀಗ ಒಂದೇ, ಅದು ಪಾಸ್‌ವರ್ಡ್.

ಈಗ ನನ್ನ ಕಥೆಗೆ ಬರುತ್ತೇನೆ. ಒಂದು ವಾರ ರಾತ್ರಿಯ ಹೊತ್ತು ನಮ್ಮ ಮನೆಯ ಇಂಟರ್‌ನೆಟ್ ತೆವಳತೊಡಗಿತು. ಮಗಳು ಪರೀಕ್ಷೆಗೆ ಓದುವವಳು, ಅವಳಿಗೆ ಪಾಠ ತೆರೆಯಲಿಲ್ಲ. ಅವಳು ರೂಟರಿನ ಪಟ್ಟಿಯನ್ನು ತೆಗೆದು ನೋಡಿ, "ಅಪ್ಪಾ, ಇದರಲ್ಲಿ 6 ಹೆಸರಿವೆ" ಎಂದಳು. ನಾವು ಬೆರಳು ಮಡಿಸಿ ಎಣಿಸಿದೆವು. ನನ್ನ ಫೋನು, ಹೆಂಡತಿಯ ಫೋನು, ಮಗಳ ಫೋನು, ಅವಳ ಓದಿನ ಟ್ಯಾಬ್ಲೆಟ್ಟು. ಒಟ್ಟು 4. ಮಿಕ್ಕ ಎರಡು ಯಾರದು? ಒಂದಕ್ಕೆ ನಾವು ಕೇಳಿರದ ಯಾವುದೋ ಚೀನಾ ಕಂಪನಿಯ ಹೆಸರು. ಇನ್ನೊಂದಕ್ಕೆ ಹೆಸರೇ ಇಲ್ಲ, ಬರಿಯ ಅಂಕಿ ಅಕ್ಷರ.

ನನ್ನ ಮನಸ್ಸು ಎಲ್ಲಿಗೆ ಹೋಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಕೊನೆಯ ಲಯಿನಿನಲ್ಲಿ ಜಾರ್ಖಂಡಿನಿಂದ ಕೆಲಸಕ್ಕೆ ಬಂದ ಹುಡುಗರಿದ್ದಾರೆ. ಅವರಲ್ಲಿ ಇಬ್ಬರು ದಿನಾ ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದರು. ಇನ್ಯಾರು, ಇವರೇ ಎಂದುಕೊಂಡೆ. ಮರುದಿನ ನಲ್ಲಿಯ ಹತ್ತಿರ ಒಬ್ಬರ ಕಿವಿಯಲ್ಲಿ ಹೇಳಿದೆ. ನಲ್ಲಿಯ ಹತ್ತಿರ ಹೇಳಿದ ಮಾತು ಎಷ್ಟು ದೂರ ಹರಿಯುತ್ತದೆ ಎಂದು ನಿಮಗೆ ಗೊತ್ತು. ಸಂಜೆಯೊಳಗೆ "ಆ ಹುಡುಗರು ಕಳ್ಳರು" ಎಂದಾಗಿತ್ತು.

ಆ ರಾತ್ರಿ ಒಬ್ಬ ಹುಡುಗ ಬಂದು ಬಾಗಿಲಲ್ಲಿ ನಿಂತ. ಜಗಳ ಮಾಡಲಿಲ್ಲ. ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, "ನೋಡಿ" ಎಂದ. ಅವನ ಫೋನಿನಲ್ಲಿ ವೈಫೈ ಎಂಬುದೇ ಆರಿಸಿತ್ತು. ತನ್ನ ದುಡ್ಡಿನ ಡೇಟಾ ಹಾಕಿಕೊಂಡಿದ್ದ. ನಮ್ಮ ಮೆಟ್ಟಿಲಲ್ಲಿ ಕೂರುತ್ತಿದ್ದುದು ಯಾಕೆಂದರೆ, ಗುಡ್ಡದ ಆಚೆಯ ಟವರು ಇಡೀ ಲಯಿನಿನಲ್ಲಿ ಅಲ್ಲಿಗೆ ಮಾತ್ರ ಸಿಗುತ್ತದೆ. ಅವನು ಮಾತಾಡುತ್ತಿದ್ದುದು ಊರಿನಲ್ಲಿ ಕಾಯಿಲೆ ಬಿದ್ದ ತಾಯಿಯ ಸಂಗಡ.

ಹಾಗಾದರೆ ಆ ಎರಡು ಹೆಸರು ಯಾರದು? ಮರುದಿನ ರಜೆ. ಕುಳಿತು ಒಂದೊಂದಾಗಿ ನೋಡಿದೆವು. ಹೇಗೆ ನೋಡಿದೆವು ಎಂಬುದನ್ನು ವಿವರವಾಗಿ ಹೇಳುತ್ತೇನೆ. ನಿಮ್ಮ ಮಕ್ಕಳು ಬರೆದುಕೊಳ್ಳಲಿ.

ಮೊದಲನೆಯದು, ಪಟ್ಟಿ ನೋಡುವ ಮುಂಚೆ ಮನೆಯನ್ನು ನೋಡಬೇಕು. ವೈಫೈಗೆ ಸೇರುವ ವಸ್ತುಗಳೆಲ್ಲವನ್ನೂ ಒಂದು ಕಾಗದದಲ್ಲಿ ಬರೆಯಿರಿ. ಫೋನು ಮಾತ್ರವಲ್ಲ. ಟಿವಿ, ಟಿವಿಯ ಪೆಟ್ಟಿಗೆ, ಕ್ಯಾಮೆರಾ, ಫೋನಿನಿಂದ ಹಚ್ಚುವ ಬಲ್ಬು, ಮಾತಾಡುವ ಸ್ಪೀಕರು, ಬೀರುವಿನಲ್ಲಿ ಬಿದ್ದಿರುವ ಹಳೆಯ ಫೋನು, ಹಬ್ಬಕ್ಕೆ ಬಂದು ಹೋದ ನೆಂಟರ ಫೋನು. ನಾವು ಮರೆತ ಸಾಮಾನೇ ಹೆಚ್ಚಿನ ಸಲ ನಮಗೆ ಕಳ್ಳನಾಗಿ ಕಾಣುವುದು.

ಎರಡನೆಯದು, ಪಟ್ಟಿಯನ್ನು ತೆಗೆಯುವುದು. ರೂಟರಿನ ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಅಂಕಿಗಳ ಒಂದು ವಿಳಾಸ ಇರುತ್ತದೆ. ಬಹಳಷ್ಟು ಪೆಟ್ಟಿಗೆಗಳಲ್ಲಿ ಅದು 192.168.1.1 ಅಥವಾ 192.168.0.1. ನಿಮ್ಮ ಮನೆಯ ವೈಫೈಯಲ್ಲೇ ಇದ್ದುಕೊಂಡು ಫೋನಿನ ಬ್ರೌಸರಿನಲ್ಲಿ ಅದನ್ನು ಬರೆದರೆ ರೂಟರಿನ ಪುಟ ತೆರೆಯುತ್ತದೆ. ಚೀಟಿಯಲ್ಲಿರುವ ಹೆಸರು, ಗುಪ್ತಪದ ಹಾಕಿ ಒಳಗೆ ಹೋದರೆ ಸೇರಿಕೊಂಡ ಉಪಕರಣಗಳ ಪಟ್ಟಿ ಇರುತ್ತದೆ.

ಆ ಪಟ್ಟಿ ನಮ್ಮ ಚೆಕ್‌ರೋಲಿನ ಹಾಗೆ. ಒಂದೊಂದು ಸಾಲಿನಲ್ಲಿ ಮೂರು ವಿಷಯ ಇರುತ್ತದೆ. ಒಂದು ಹೆಸರು, ಉಪಕರಣ ತಾನೇ ಹೇಳಿಕೊಂಡದ್ದು. ಕೆಲವು ಹೇಳುತ್ತವೆ, ಕೆಲವು ಬಾಯಿ ಬಿಡುವುದಿಲ್ಲ. ಇನ್ನೊಂದು ಐಪಿ ವಿಳಾಸ. ಇದು ರೂಟರು ಕೊಟ್ಟ ತಾತ್ಕಾಲಿಕ ನಂಬರು, ಇಂದು ಒಂದು, ನಾಳೆ ಒಂದು ಆಗಬಹುದು. ಮೂರನೆಯದು ಮ್ಯಾಕ್ ವಿಳಾಸ. ಇದರಲ್ಲಿ 12 ಸ್ಥಾನಗಳಿರುತ್ತವೆ, ಅಂಕಿಗಳೂ ಎ ಇಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳೂ ಸೇರಿ.

ಮೂರನೆಯದು, ಈ ಮ್ಯಾಕ್ ವಿಳಾಸವನ್ನು ಓದುವುದು. ಅದರ ಮೊದಲ 6 ಸ್ಥಾನ ತಯಾರಿಸಿದ ಕಂಪನಿಯ ಗುರುತು. ಐಇಇಇ ಎಂಬ ಇಂಜಿನಿಯರುಗಳ ಸಂಸ್ಥೆ ಇದನ್ನು ಕಂಪನಿಗಳಿಗೆ ಹಂಚಿಕೊಡುತ್ತದೆ. ಆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಎಲೆ ತುಂಬುವ ಚೀಲದ ಮೇಲೆ ತೋಟದ ಮುದ್ರೆ ಇರುವ ಹಾಗೆ. ಆದರೆ ಇಲ್ಲೊಂದು ಎಡವುವ ಕಲ್ಲಿದೆ. ಮುದ್ರೆ ಚೀಲ ಹೊಲಿದವನದೇ ಹೊರತು ಒಳಗಿನ ಎಲೆ ಮಾರಿದವನದು ಆಗಿರಬೇಕಾಗಿಲ್ಲ. ಅಂಗಡಿಯಲ್ಲಿ ಯಾವುದೋ ಹೆಸರಿನಲ್ಲಿ ಕೊಂಡ ಬಲ್ಬಿನೊಳಗೆ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಚಿಪ್ಪು ಕೂತಿರುತ್ತದೆ. ಪಟ್ಟಿಯಲ್ಲಿ ಬರುವುದು ಎಸ್ಪ್ರೆಸಿಫ್ ಎಂದು. ಅದನ್ನು ಕಂಡು ಹೊರದೇಶದವನು ಮನೆಗೆ ನುಗ್ಗಿದನೆಂದು ಹೆದರಿದವರು ಬಹಳ. ಹೆದರಿದವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಆ ಚೀನಾ ಹೆಸರು, ಕಳೆದ ಕ್ರಿಸ್ಮಸ್‌ಗೆ ಕೊಯಮತ್ತೂರಿನಿಂದ ಬಂದ ಅಳಿಯ ಜಗಲಿಗೆ ಹಾಕಿದ ಬಣ್ಣದ ಬಲ್ಬು.

ಇನ್ನೊಂದು ಮಾತು. ಈಚಿನ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಹೇಳುವುದಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದಲೂ, 2020ರಲ್ಲಿ ಐಫೋನಿಗೆ ಬಂದ ಐಓಎಸ್ 14ರಿಂದಲೂ, ಒಂದೊಂದು ವೈಫೈಗೆ ಒಂದೊಂದು ಕಟ್ಟಿದ ವಿಳಾಸವನ್ನು ಕೊಡುವುದು ಸಾಮಾನ್ಯವಾಯಿತು. ಅಂಗಡಿ, ನಿಲ್ದಾಣಗಳಲ್ಲಿ ನಮ್ಮ ಓಡಾಟವನ್ನು ಯಾರೂ ಬೆನ್ನು ಹತ್ತಬಾರದೆಂದು ಮಾಡಿದ ಏರ್ಪಾಡು ಇದು. ಇದನ್ನು ಗುರುತಿಸುವುದು ಸುಲಭ. ಎರಡನೆಯ ಸ್ಥಾನವನ್ನು ನೋಡಿ. ಅಲ್ಲಿ 2, 6, ಎ, ಇ ಇವುಗಳಲ್ಲಿ ಒಂದಿದ್ದರೆ ಅದು ಕಟ್ಟಿದ ವಿಳಾಸ. ಅದರಿಂದ ಕಂಪನಿಯನ್ನು ಹುಡುಕಿ ಫಲವಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ನಿಮ್ಮ ವೈಫೈ ಹೆಸರನ್ನು ಒತ್ತಿದರೆ ಆ ಫೋನು ಈಗ ಯಾವ ವಿಳಾಸ ಹೇಳಿಕೊಂಡಿದೆ ಎಂದು ತೋರಿಸುತ್ತದೆ. ಅದನ್ನು ಪಟ್ಟಿಗೆ ಹೋಲಿಸಿ.

ನಮ್ಮ ಮನೆಯ ಹೆಸರಿಲ್ಲದ ಸಾಲು ಹೀಗೆ ಸಿಕ್ಕಿತು. ನನ್ನ ಹೆಂಡತಿಯ ಫೋನು ಹಿಂದಿನ ದಿನವಷ್ಟೇ ರಿಪೇರಿ ಅಂಗಡಿಯಿಂದ ಬಂದಿತ್ತು. ಅಂಗಡಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿದ್ದರಿಂದ ಅದು ಹೊಸ ವಿಳಾಸ ಕಟ್ಟಿಕೊಂಡಿತ್ತು. ಹಳೆಯ ಸಾಲೂ ಪಟ್ಟಿಯಲ್ಲಿ ಉಳಿದಿತ್ತು. ಒಂದೇ ಫೋನು ಎರಡಾಗಿ ಕಂಡಿತು. ನಾನು ಕಳ್ಳನೆಂದುಕೊಂಡದ್ದು ನನ್ನ ಮನೆಯಾಕೆಯ ಸೆರಗಿನಲ್ಲಿದ್ದ ಫೋನನ್ನು!

ನಾಲ್ಕನೆಯದು, ಮಸ್ಟರ್ ಕರೆಯುವುದು. ಕಾಗದದಿಂದ ತಿಳಿಯದಿದ್ದರೆ ಮನೆಯ ವಸ್ತುಗಳನ್ನು ಒಂದೊಂದಾಗಿ ಆರಿಸಿ, ಪಟ್ಟಿಯನ್ನು ಮತ್ತೆ ತೆರೆದು ನೋಡಿ. ಯಾವ ಸಾಲು ಹೋಯಿತೋ ಅದು ಆ ವಸ್ತು. ಆದರೆ ತಾಳ್ಮೆ ಬೇಕು. ರೂಟರು ಕೊಟ್ಟ ನಂಬರಿಗೆ ಒಂದು ಅವಧಿ ಇರುತ್ತದೆ; ಬಹಳ ಕಡೆ ಒಂದು ದಿನ. ವಸ್ತು ಹೊರಟುಹೋದರೂ ಆ ಅವಧಿ ಮುಗಿಯುವವರೆಗೆ ಹೆಸರು ನಿಲ್ಲಬಹುದು. ಚೆಕ್‌ರೋಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಆಳು ಇಂದು ಕೆಲಸಕ್ಕೆ ಬಂದಿದ್ದಾನೆ ಎಂದಲ್ಲವಲ್ಲ. ಈಗ ಸಂಪರ್ಕದಲ್ಲಿರುವವು ಎಂಬ ಪಟ್ಟಿ ಬೇರೆ ಇದ್ದರೆ ಅದನ್ನೇ ನೋಡಿ.

ಇಷ್ಟಾದ ಮೇಲೂ ಒಂದು ಹೆಸರು ಉಳಿದರೆ? ಆಗಲೂ ಯಾರ ಬಾಗಿಲಿಗೂ ಹೋಗಬೇಡಿ. ಪಾಸ್‌ವರ್ಡ್ ಬದಲಾಯಿಸಿ. ಆಗ ಎಲ್ಲರೂ ಹೊರಗೆ. ನಿಮ್ಮ ವಸ್ತುಗಳಿಗೆ ಮಾತ್ರ ಹೊಸ ಪಾಸ್‌ವರ್ಡ್ ಕೊಡಿ. ಆ ಅಪರಿಚಿತ ನಿಮ್ಮದೇ ವಸ್ತುವಾಗಿದ್ದರೆ, ಟಿವಿಯೋ ಬಲ್ಬೋ ಕೆಲಸ ನಿಲ್ಲಿಸಿ ತಾನೇ ಕೂಗಿ ಹೇಳುತ್ತದೆ. ಹೊರಗಿನವರದಾಗಿದ್ದರೆ ಸದ್ದಿಲ್ಲದೆ ಹೋಗುತ್ತದೆ. ಯಾರ ಹೆಸರೂ ಎತ್ತದೆ ಕೆಲಸ ಮುಗಿಯುತ್ತದೆ.

ಇದನ್ನೆಲ್ಲ ಯಾಕೆ ಇಷ್ಟು ಗಂಭೀರವಾಗಿ ಹೇಳುತ್ತೇನೆ? ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೊರಗಿನಿಂದ ನೋಡುವವರಿಗೆ ನಮ್ಮ ಮನೆಯ ಹತ್ತು ಉಪಕರಣಗಳೂ ಒಂದೇ ವಿಳಾಸವಾಗಿ ಕಾಣುತ್ತವೆ. ನಮ್ಮ ವೈಫೈಯಿಂದ ಯಾರಾದರೂ ಮೋಸ ಮಾಡಿದರೆ ಮೊದಲು ಕೇಳುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನೇ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದರ ಆಯುಧ ಬೇರೇನಲ್ಲ, ಕಂಪನಿಯವರು ಹಾಕಿ ಕಳಿಸಿದ ಹೆಸರು ಗುಪ್ತಪದಗಳ ಸುಮಾರು 60 ಜೋಡಿಗಳು. ಕೊಂಡವರು ಅವನ್ನು ಬದಲಾಯಿಸಿರಲಿಲ್ಲ. ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು.

ಆದ್ದರಿಂದ ಬೀಗ ಭದ್ರವಾಗಿರಲಿ. ವೈಫೈಯ ಪಾಸ್‌ವರ್ಡ್ ಉದ್ದವಾಗಿರಲಿ. ಮಗುವಿನ ಹೆಸರು, ಫೋನ್ ನಂಬರು ಬೇಡ. ರೂಟರಿನ ಪುಟಕ್ಕೆ ಹೋಗುವ ಗುಪ್ತಪದವನ್ನೂ ಬೇರೆಯಾಗಿ ಬದಲಾಯಿಸಿ. ಭದ್ರತೆಯ ಬಗೆ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಇಪಿ ಎಂಬ ಹಳೆಯ ಬೀಗ 2001ರಲ್ಲೇ ಮುರಿದುಹೋಗಿದೆ. ಡಬ್ಲ್ಯುಪಿಎಸ್ ಎಂಬ ಅನುಕೂಲವಿದ್ದರೆ ಆರಿಸಿಬಿಡಿ. ಅದರ ಪಿನ್ ನಂಬರು 8 ಅಂಕಿಯದಾದರೂ ರೂಟರು ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಆದುದರಿಂದ ಹೆಚ್ಚೆಂದರೆ 11,000 ಸಲ ಊಹಿಸಿದರೆ ಸಾಕು ಎಂದು 2011ರಲ್ಲಿ ಬಯಲಾಯಿತು. ಪಟ್ಟಿಯಲ್ಲಿ ಒಂದು ಮ್ಯಾಕ್ ವಿಳಾಸವನ್ನು ತಡೆದರೆ ಆಯಿತೆಂದು ನಂಬಬೇಡಿ, ವಿಳಾಸವನ್ನು ಬದಲಾಯಿಸಿಕೊಳ್ಳಬಹುದು.

ನೆಂಟರಿಗೆ ಕೊಡುವುದು ನಮ್ಮ ಧರ್ಮ. ಕೊಡಿ. ಆದರೆ ಇಂದು ಒಬ್ಬ ನೆಂಟನ ಫೋನಿನಿಂದ ಚೌಕದ ಚಿತ್ರ ತೋರಿಸಿ ಇನ್ನೂ ಐವರು ಸೇರಬಹುದು. ಬಹಳ ರೂಟರುಗಳಲ್ಲಿ ಅತಿಥಿ ವೈಫೈ ಎಂದು ಬೇರೆ ಇದೆ. ನೆಂಟರಿಗೂ ಬಲ್ಬು ಕ್ಯಾಮೆರಾಗಳಿಗೂ ಅದನ್ನು ಕೊಟ್ಟರೆ ನಿಮ್ಮ ಫೋನುಗಳಿರುವ ಕೋಣೆ ಬೇರೆಯಾಗಿ ಉಳಿಯುತ್ತದೆ. ನಿಮ್ಮ ಹಣವೇ ಹೋಗಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಫೋನು ಮಾಡಿ. ಅದು ಸೈಬರ್ ಮೋಸಕ್ಕಾಗಿ ಇಡೀ ದೇಶಕ್ಕಿರುವ ಸರ್ಕಾರದ ನಂಬರು.

ಕಥೆಯ ಕೊನೆ ಉಳಿಯಿತು. ರಾತ್ರಿ ನಮ್ಮ ಇಂಟರ್‌ನೆಟ್ ತೆವಳಿದ್ದು ಯಾಕೆಂದರೆ, ನನ್ನದೇ ಫೋನು ಹಳೆಯ ಫೋಟೋ, ವೀಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಾ ಕುಳಿತಿತ್ತು. ಕಳ್ಳ ನನ್ನ ಜೇಬಿನಲ್ಲೇ ಇದ್ದ.

ನಾನು ಆ ಹುಡುಗನ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ" ಎಂದ. ಆದರೆ ನನ್ನ ಹೆಂಡತಿ ಹೇಳಿದಳು: "ನೀವು ಮಾತಾಡಿದ್ದು ನಲ್ಲಿಯ ಹತ್ತಿರ, ಕ್ಷಮೆ ಕೇಳಿದ್ದು ಕೋಣೆಯೊಳಗೆ." ಅದು ಸರಿಯಾದ ಮಾತು. ಮರುದಿನ ಬೆಳಿಗ್ಗೆ ಕೊಡಗಳು ಸಾಲಾಗಿ ನಿಂತಿರುವಾಗ ಎಲ್ಲರ ಮುಂದೆ ಹೇಳಿದೆ, ತಪ್ಪು ನನ್ನದು, ಆ ಹುಡುಗರದಲ್ಲ ಎಂದು. ಹೇಳುವಾಗ ಕಷ್ಟವಾಯಿತು. ಆ ಹುಡುಗರು ಒಂದು ವಾರ ನಮ್ಮ ಮೆಟ್ಟಿಲಿಗೆ ಬರಲಿಲ್ಲ. ಆಮೇಲೆ ಬಂದರು. ಈಗ ಅಲ್ಲಿ ಕೂರಲು ಒಂದು ಹಲಗೆ ಹಾಕಿಸಿದ್ದೇನೆ.

ಪಟ್ಟಿಯಲ್ಲಿ ತಿಳಿಯದ ಹೆಸರು ಕಂಡರೆ ಮೊದಲು ಕಾಗದ ತೆಗೆಯಿರಿ, ಆಮೇಲೆ ಮನೆಯ ದೀಪ, ಟಿವಿ, ಫೋನುಗಳ ಮಸ್ಟರ್ ಕರೆಯಿರಿ, ಆಮೇಲೆ ಬೀಗ ಬದಲಾಯಿಸಿ. ಬಾಯಿ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ದೂರದ ಊರಿನಿಂದ ದುಡಿಯಲು ಬಂದವನು ಎಂಬುದು ಯಾರ ಮೇಲೂ ಸಾಕ್ಷಿಯಲ್ಲ. ನಮ್ಮ ಅಜ್ಜಂದಿರೂ ಈ ಬೆಟ್ಟಕ್ಕೆ ಹಾಗೆಯೇ ಬಂದವರು.

ರೂಟರಿನ ಪುಟ ತೆರೆಯಲು ಬಾರದವರು ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಬನ್ನಿ, ಕೂಡಿ ನೋಡೋಣ.