ಕಣಜದಿಂದ ಕಾಳಗಕ್ಕೆ

ರಾಜ್ಯವೊಂದರ ಆಡಳಿತವನ್ನೂ ಸೈನ್ಯವನ್ನೂ ಆಟಗಾರನ ವಶಕ್ಕೆ ಕೊಟ್ಟು, ಕೈಚಳಕಕ್ಕಿಂತ ಮುಂದಾಲೋಚನೆಯನ್ನು ಪರೀಕ್ಷಿಸುವ ಕಂಪ್ಯೂಟರ್ ಆಟಗಳಿಗೆ ತಂತ್ರದ ಆಟಗಳೆಂದು ಹೆಸರು. ಇವು ಯುದ್ಧದ ಆಟಗಳೆಂದೇ ಪ್ರಸಿದ್ಧವಾಗಿದ್ದರೂ, ಇವುಗಳ ಪೂರ್ವಜರಲ್ಲೊಂದು ಹುಟ್ಟಿದ್ದು ಶಾಲೆಯ ಪಾಠಕ್ಕಾಗಿ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಶಿಕ್ಷಕಿ ಮೇಬಲ್ ಆಡಿಸ್, ಐಬಿಎಂ ಸಂಸ್ಥೆಯ ವಿಲಿಯಂ ಮೆಕೇ ಅವರ ನೆರವಿನಿಂದ, ಪ್ರಾಚೀನ ಸುಮೇರಿಯದ ಅರ್ಥವ್ಯವಸ್ಥೆಯನ್ನು ಆರನೆಯ ತರಗತಿಯವರಿಗೆ ಕಲಿಸುವ 'ದ ಸುಮೇರಿಯನ್ ಗೇಮ್' ರಚಿಸಿದರು. ಲಗಾಶ್ ನಗರದ ಅರಸನ ಸ್ಥಾನದಲ್ಲಿ ಕುಳಿತ ವಿದ್ಯಾರ್ಥಿ, ಸುಗ್ಗಿಯ ಧಾನ್ಯದಲ್ಲಿ ಪ್ರಜೆಗಳ ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕಣಜಕ್ಕೆಷ್ಟು ಎಂದು ನಿರ್ಧರಿಸಿದರೆ, ಯಂತ್ರವು ಅದರ ಫಲಿತಾಂಶವನ್ನು ಕಾಗದದ ಮೇಲೆ ಅಚ್ಚೊತ್ತಿ ಒಪ್ಪಿಸುತ್ತಿತ್ತು.

ಇದೇ ಕಲ್ಪನೆಯನ್ನು ಡಗ್ ಡೈಮೆಂಟ್ 1968ರಲ್ಲಿ ಚಿಕ್ಕದಾಗಿ ಬರೆದರು. ಡೇವಿಡ್ ಆಲ್ ಅದನ್ನು ಬೇಸಿಕ್ ಎಂಬ ಸರಳ ಗಣಕಭಾಷೆಗೆ ತಂದು 1973ರ ತಮ್ಮ ಪುಸ್ತಕದಲ್ಲಿ ಸೇರಿಸಿದ ಮೇಲೆ 'ಹಮುರಾಬಿ' ಎಂಬ ಹೆಸರಿನಿಂದ ಅದು ಎಲ್ಲೆಡೆ ಹರಡಿತು. ಅದರಲ್ಲಿ ಅರಸನ ಕೈಗೆ ಬರುವುದು 100 ಪ್ರಜೆಗಳು, 1000 ಎಕರೆ ಭೂಮಿ ಮತ್ತು 2800 ಬುಷೆಲ್ (ಧಾನ್ಯ ಅಳೆಯುವ ಒಂದು ಮಾನ) ಧಾನ್ಯ. ವರ್ಷಕ್ಕೆ ತಲೆಗೆ 20 ಬುಷೆಲ್ ಒದಗದಿದ್ದರೆ ಜನ ಸಾಯುತ್ತಾರೆ, ಉಳಿಸಿಟ್ಟದ್ದನ್ನು ಇಲಿಗಳು ತಿನ್ನುತ್ತವೆ.

ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ರೂಪಿಸಿದ 'ಸಿವಿಲೈಸೇಷನ್' ಈ ಲೆಕ್ಕವನ್ನೇ ಆರು ಸಾವಿರ ವರ್ಷಗಳಿಗೆ ವಿಸ್ತರಿಸಿತು. ಅಲ್ಲಿ ಕಣಜ ತುಂಬಿದಾಗ ನಗರ ಬೆಳೆಯುತ್ತದೆ. ಭಾರತೀಯರ ನಾಯಕರಾಗಿ ಕ್ರಿ.ಪೂ. 4000ದಲ್ಲಿಯೇ ಗಾಂಧೀಜಿ ಕಾಣಿಸಿಕೊಳ್ಳುವ ಈ ಆಟದಿಂದ ಕಾಲಗಣನೆ ಕಲಿಯಲು ಹೊರಡುವುದು ವ್ಯರ್ಥವೇ ಸರಿ. ಆದರೆ ಬರಿಹೊಟ್ಟೆಯ ರಾಜ್ಯಕ್ಕೆ ದಂಡಯಾತ್ರೆ ದಕ್ಕದೆಂಬುದು ಅದರಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ.

ಮಾಂತ್ರಿಕರ ಲೋಕಕ್ಕೂ ಈ ನಿಯಮದಿಂದ ವಿನಾಯಿತಿ ಸಿಗಲಿಲ್ಲ. 1994ರ 'ಮಾಸ್ಟರ್ ಆಫ್ ಮ್ಯಾಜಿಕ್' ಮಂತ್ರಶಕ್ತಿಯನ್ನೇ ಕೂಡಿಟ್ಟು ಖರ್ಚುಮಾಡುವ ಸಂಪತ್ತಾಗಿಸಿತು. 1999ರ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3'ರಲ್ಲಿ ಒಂದು ಕರಿ ಡ್ರ್ಯಾಗನ್‌ಗೆ 4000 ಚಿನ್ನದ ನಾಣ್ಯಗಳ ಜೊತೆಗೆ ಗಂಧಕವನ್ನೂ ತೆರಬೇಕಾಗುತ್ತದೆ.

ಇವೆಲ್ಲ ಸರದಿಯ ಆಟಗಳು, ಅಂದರೆ ಒಬ್ಬರ ನಡೆ ಮುಗಿಯುವವರೆಗೆ ಇನ್ನೊಬ್ಬರು ಕಾಯುವಂಥವು. ಎಲ್ಲರೂ ಏಕಕಾಲದಲ್ಲಿ ಆಡುವ ನೈಜಕಾಲದ ಪ್ರಕಾರಕ್ಕೆ 1992ರ 'ಡ್ಯೂನ್ 2' ಅಚ್ಚು ಹಾಕಿಕೊಟ್ಟಿತು, 1994ರ 'ವಾರ್‌ಕ್ರಾಫ್ಟ್' ಅದಕ್ಕೆ ರಾಕ್ಷಸರನ್ನು ತಂದಿತು. ಬಿರುಸು ಹೆಚ್ಚಿತು, ಯೋಚನೆಗೆ ಬಿಡುವು ಇಲ್ಲವಾಯಿತು. ಆ ಗುಂಪಿನಲ್ಲಿ, ಶೆಲ್ಲಿಯವರೇ ಕೈಜೋಡಿಸಿದ 1997ರ 'ಏಜ್ ಆಫ್ ಎಂಪೈರ್ಸ್' ಮಾತ್ರ ಆಡಿಸ್ ಅವರ ತರಗತಿಗೆ ಹತ್ತಿರವಿದೆ: ಹಣ್ಣು, ಬೇಟೆ, ಮೀನುಗಾರಿಕೆಗಳಿಂದ 500 ಪಾಲು ಆಹಾರ ಕೂಡಿಸದೆ ಅದರಲ್ಲಿ ಶಿಲಾಯುಗವನ್ನು ದಾಟುವಂತಿಲ್ಲ.