ಚೀಟಿ ಮಡಿಸುವ ಭಾನುವಾರ



ಪೂರ್ವ ಜರ್ಮನಿ ಎಂಬ ದೇಶ ಇದ್ದದ್ದು 1949ರಿಂದ 1990ರವರೆಗೆ. ಅಲ್ಲಿನ ಜನ ಓಟು ಹಾಕುವುದನ್ನು ಓಟು ಎನ್ನುತ್ತಿರಲಿಲ್ಲ, 'ಚೀಟಿ ಮಡಿಸುವುದು' ಎನ್ನುತ್ತಿದ್ದರು. ಅವರು ಮಾಡುತ್ತಿದ್ದದ್ದೂ ಅಷ್ಟೇ. ಭಾನುವಾರ ಬೆಳಿಗ್ಗೆ ಮತಗಟ್ಟೆಗೆ ಹೋಗಿ, ಮೇಜಿನ ಹಿಂದೆ ಕೂತವರಿಗೆ ಗುರುತಿನ ಚೀಟಿ ತೋರಿಸಿ ಮತಪತ್ರ ಪಡೆಯುವುದು. ಅದರಲ್ಲಿ ಅಭ್ಯರ್ಥಿಗಳ ಹೆಸರು ಅಚ್ಚಾಗಿರುತ್ತಿತ್ತು, ಆದರೆ ಗುರುತು ಹಾಕಲು ಚೌಕವಿಲ್ಲ, ಹೌದು ಇಲ್ಲ ಎಂಬ ಮಾತಿಲ್ಲ. ನಿಂತಲ್ಲೇ ಎರಡಾಗಿ ಮಡಿಸಿ ಪೆಟ್ಟಿಗೆಗೆ ಹಾಕಿದರೆ ಇಡೀ ಪಟ್ಟಿಗೆ ಒಪ್ಪಿಗೆ ಕೊಟ್ಟಂತೆ.

ಒಪ್ಪಿಗೆ ಇಲ್ಲದವರಿಗೂ ಕಾನೂನು ದಾರಿ ಇಟ್ಟಿತ್ತು. ಕೋಣೆಯ ಮೂಲೆಯಲ್ಲಿ ಮರೆ ಕಟ್ಟಿರುತ್ತಿದ್ದರು. ಅಲ್ಲಿಗೆ ಹೋಗಿ ಪಟ್ಟಿಯ ಒಂದೊಂದು ಹೆಸರಿನ ಮೇಲೂ ಗೀಟು ಎಳೆದುಬರಬೇಕು. ನಮ್ಮಲ್ಲಿ ಮತಗಟ್ಟೆಯಾಗುವ ಶಾಲೆಯ ಕೋಣೆಗಳಲ್ಲಿ ರಟ್ಟಿನ ಮರೆಗೆ ಹೋಗದೆ ಯಾರೂ ಓಟು ಹಾಕುವಂತಿಲ್ಲ. ಪೂರ್ವ ಜರ್ಮನಿಯಲ್ಲಿ ಬಹುತೇಕ ಎಲ್ಲರೂ ಮೇಜಿನ ಬಳಿಯೇ ಮಡಿಸಿ ಹೋಗುತ್ತಿದ್ದರಿಂದ, ಮರೆಯತ್ತ ಹೆಜ್ಜೆ ಹಾಕಿದವನು ಏನು ಮಾಡಲು ಹೊರಟಿದ್ದಾನೆಂದು ಎಲ್ಲರಿಗೂ ತಿಳಿದುಬಿಡುತ್ತಿತ್ತು. ಅವನ ಹೆಸರನ್ನು ಬರೆದುಕೊಳ್ಳುವವರೂ ಅಲ್ಲೇ ಇರುತ್ತಿದ್ದರು. ಮತದ ಗುಟ್ಟನ್ನು ಕಾಯಬೇಕಾದ ಮರೆಯೇ ಮತದಾರನನ್ನು ಹಿಡಿದುಕೊಡುತ್ತಿತ್ತು. ಮಗಳ ಕಾಲೇಜು ಸೀಟು, ತನ್ನ ಕೆಲಸದ ಬಡ್ತಿ, ಇವೆಲ್ಲವನ್ನೂ ನೆನೆಯುತ್ತಾ ಕೋಣೆಯ ಆ ಏಳೆಂಟು ಹೆಜ್ಜೆ ನಡೆಯಬೇಕಾಗಿದ್ದ ಮನುಷ್ಯನ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ.

ಮೊದಲಿಂದಲೂ ಹೀಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಪೂರ್ವಭಾಗ ಸೋವಿಯತ್ ಸೇನೆಯ ಕೈಯಲ್ಲಿತ್ತು. 1946ರ ಏಪ್ರಿಲ್‌ನಲ್ಲಿ ಅಲ್ಲಿನ ಕಮ್ಯುನಿಸ್ಟರು ಸೋಷಿಯಲ್ ಡೆಮಾಕ್ರಟರನ್ನು ತಮ್ಮೊಳಗೆ ಸೇರಿಸಿಕೊಂಡು ಸಮಾಜವಾದಿ ಏಕತಾ ಪಕ್ಷ ಕಟ್ಟಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಡೀ ಬರ್ಲಿನ್ ನಗರಕ್ಕೆ ಚುನಾವಣೆ ನಡೆಯಿತು. ನಾಲ್ಕು ದೇಶಗಳ ಸೇನೆ ಅಲ್ಲಿದ್ದುದರಿಂದ ಸೋಷಿಯಲ್ ಡೆಮಾಕ್ರಟರು ತಮ್ಮದೇ ಹೆಸರಿನಲ್ಲಿ ನಿಲ್ಲಲು ಸಾಧ್ಯವಾಯಿತು. ಅವರಿಗೆ ನೂರಕ್ಕೆ 48.7 ಮತ, ಏಕತಾ ಪಕ್ಷಕ್ಕೆ 19.8. ಜನರ ಮುಂದೆ ನಿಜವಾದ ಆಯ್ಕೆ ಇಟ್ಟರೆ ಏನಾಗುತ್ತದೆಂದು ಪಕ್ಷ ಅಂದು ಕಂಡುಕೊಂಡಿತು. ಅಂಥ ಆಯ್ಕೆಯನ್ನು ಆಮೇಲೆ ಅದು ಜನರ ಕೈಗೆ ಕೊಡಲಿಲ್ಲ.

1949ರ ಮೇ ತಿಂಗಳಲ್ಲಿ ಜನತಾ ಕಾಂಗ್ರೆಸ್ ಎಂಬ ಸಭೆಗೆ ಪ್ರತಿನಿಧಿಗಳನ್ನು ಆರಿಸುವಾಗ ಎಲ್ಲ ಪಕ್ಷಗಳಿಗೂ ಸೇರಿ ಒಂದೇ ಪಟ್ಟಿ ಬಂತು. ಮತಪತ್ರದಲ್ಲಿ ಕೇಳಿದ್ದು ಜರ್ಮನಿಯ ಏಕತೆ ಮತ್ತು ನ್ಯಾಯವಾದ ಶಾಂತಿ ಒಪ್ಪಂದದ ವಿಷಯ. ಶಾಂತಿಗೆ ಹೌದು ಎಂದರೆ ಪಟ್ಟಿಗೂ ಹೌದು ಎಂದಂತೆ. ಯುದ್ಧದ ಬೂದಿಯಲ್ಲಿ ಕೂತಿದ್ದ ಜನರನ್ನು ಹೀಗೆ ಕೇಳಿದರೂ, ಅಧಿಕೃತ ಲೆಕ್ಕದಲ್ಲೇ ಮೂವರಲ್ಲಿ ಒಬ್ಬರು ಇಲ್ಲ ಎಂದರು. ಮುಂದಿನ ವರ್ಷ, 1950ರ ಅಕ್ಟೋಬರ್ 15ರಂದು, ಸಂಸತ್ತಿಗೆ ಅಂದರೆ ಫೋಲ್ಕ್ಸ್‌ಕಾಮರ್‌ಗೆ ಮೊದಲ ಚುನಾವಣೆ. ಆಗ ಬಂದ ಫಲಿತಾಂಶ ನೂರಕ್ಕೆ 99.7. ಹದಿನೇಳು ತಿಂಗಳಲ್ಲಿ ಒಂದು ದೇಶದ ಮೂರನೇ ಒಂದು ಪಾಲು ಜನ ಮನಸ್ಸು ಬದಲಿಸಲಿಲ್ಲ, ಅವರು ಇಲ್ಲ ಎನ್ನುವ ಹಾದಿಯನ್ನು ಹೆಚ್ಚುಕಡಿಮೆ ಮುಚ್ಚಲಾಯಿತು.

ಅಲ್ಲಿ ಬೇರೆ ಪಕ್ಷಗಳೂ ಇದ್ದವು. ಕ್ರಿಶ್ಚಿಯನ್ ಡೆಮಾಕ್ರಟರಿದ್ದರು, ಲಿಬರಲ್ ಪಕ್ಷವಿತ್ತು, ರೈತರದ್ದೊಂದು, ರಾಷ್ಟ್ರೀಯವಾದಿಗಳದ್ದೊಂದು. ಎಲ್ಲವೂ ರಾಷ್ಟ್ರೀಯ ರಂಗ ಎಂಬ ಒಂದೇ ಕೊಡೆಯ ಕೆಳಗೆ. ಯಾರಿಗೆ ಎಷ್ಟು ಸೀಟು ಎಂಬುದು ಚುನಾವಣೆಗೆ ಮೊದಲೇ ತೀರ್ಮಾನವಾಗಿರುತ್ತಿತ್ತು. ನಂತರದ ದಶಕಗಳಲ್ಲಿ ಇದ್ದ 500 ಸೀಟುಗಳಲ್ಲಿ ಏಕತಾ ಪಕ್ಷ ತನ್ನ ಹೆಸರಲ್ಲಿ ಇಟ್ಟುಕೊಂಡಿದ್ದು 127 ಮಾತ್ರ. ಆದರೆ ಕಾರ್ಮಿಕ ಸಂಘ, ಯುವಜನ ಸಂಘ, ಮಹಿಳಾ ಸಂಘಗಳ ಹೆಸರಲ್ಲಿ ಬಂದು ಕೂರುತ್ತಿದ್ದ ಬಹುತೇಕರು ಅದರ ಸದಸ್ಯರೇ. ಆ ಸದನದಲ್ಲಿ ವಿರೋಧದ ಕೈ ಎದ್ದದ್ದು 1972ರ ಮಾರ್ಚ್‌ನಲ್ಲಿ, ಗರ್ಭಪಾತದ ಕಾನೂನಿಗೆ. ಹದಿನಾಲ್ವರು ಬೇಡ ಎಂದರು, ಎಂಟು ಮಂದಿ ತಟಸ್ಥರಾದರು. 1989ರ ಶರತ್ಕಾಲದ ತನಕ ಅಂಥದ್ದು ಮತ್ತೆ ನಡೆಯಲಿಲ್ಲ.

ಫಲಿತಾಂಶ ಮೊದಲೇ ಗೊತ್ತಿದ್ದ ಮೇಲೆ ಈ ಏರ್ಪಾಡೆಲ್ಲ ಏಕೆ? ಹೊರದೇಶಗಳಿಗೆ ತೋರಿಸಲು ಎಂಬ ಉತ್ತರ ನನಗೆ ಸಾಲುವುದಿಲ್ಲ, ಹೊರಗಿನವರು ನಂಬುತ್ತಿರಲಿಲ್ಲ. ಪಕ್ಷಕ್ಕೆ ಬೇಕಾಗಿದ್ದದ್ದು ನೆರೆಯವರ ಕಣ್ಣೆದುರು ಪ್ರತಿಯೊಬ್ಬನೂ ತನ್ನ ಕೈಯಿಂದಲೇ ಚೀಟಿ ಮಡಿಸುವುದು. ಮಡಿಸಿ ಹೊರಬಂದವನಿಗೆ ತಾನೂ ಇದರಲ್ಲಿ ಪಾಲುದಾರ ಎಂಬ ಸಣ್ಣ ನಾಚಿಕೆ ಉಳಿಯುತ್ತದೆ. ನಾಚಿಕೆಪಟ್ಟವನು ಬಾಯಿ ಬಿಡುವುದು ಕಷ್ಟ. ಅದಕ್ಕೇ ಮಧ್ಯಾಹ್ನದವರೆಗೂ ಬಾರದವರ ಮನೆಬಾಗಿಲು ತಟ್ಟುತ್ತಿದ್ದರು, ಮತಪೆಟ್ಟಿಗೆಯನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ಜನರೂ ಇದನ್ನು ಬಲ್ಲವರೇ. ಮಾಡು ಸೋರುತ್ತಿದೆ, ರಿಪೇರಿ ಮಾಡಿಸದಿದ್ದರೆ ಭಾನುವಾರ ಬರುವುದಿಲ್ಲ ಎಂದು ಅರ್ಜಿ ಬರೆಯುತ್ತಿದ್ದರು, ಎಷ್ಟೋ ಸಲ ಕೆಲಸ ಆಗುತ್ತಿತ್ತು. ಓಟಿಗೆ ಉಳಿದಿದ್ದ ಬೆಲೆ ಅಷ್ಟು.

1986ರಲ್ಲಿ ಒಪ್ಪಿಗೆ 99.94ಕ್ಕೆ ಏರಿತು. ಮೂರು ವರ್ಷ ಕಳೆದು, 1989ರ ಮೇ 7ರ ಭಾನುವಾರ, ಸ್ಥಳೀಯ ಸಂಸ್ಥೆಗಳ ಚುನಾವಣೆ ಬಂತು.

ಅಲ್ಲಿನ ಚುನಾವಣಾ ಕಾನೂನಿನಲ್ಲಿ ಒಂದು ವಿಧಿ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು: ಮತ ಎಣಿಕೆ ಬಹಿರಂಗವಾಗಿ ನಡೆಯಬೇಕು. ಚರ್ಚುಗಳ ಆಶ್ರಯದಲ್ಲಿ ಸೇರುತ್ತಿದ್ದ ಶಾಂತಿ ಗುಂಪುಗಳು, ಪರಿಸರ ಗುಂಪುಗಳು ಈ ವಿಧಿಯನ್ನು ಹಿಡಿದುಕೊಂಡವು. ಹೆಚ್ಚಿನವರು ಇಪ್ಪತ್ತರ ಹರೆಯದವರು. ಅಂದು ಸಂಜೆ ಆರಕ್ಕೆ ಮತದಾನ ಮುಗಿದಾಗ ಇಬ್ಬರು ಮೂವರಂತೆ ಮತಗಟ್ಟೆಗಳಿಗೆ ಹೋಗಿ, ಎಣಿಕೆ ನೋಡುವ ಹಕ್ಕು ನಮಗಿದೆ ಎಂದು ನಿಂತರು. ಕೆಲವು ಕಡೆ ಹೊರಗೆ ಕಳಿಸಿದರು. ಅನೇಕ ಕಡೆ ಒಳಗೆ ಬಿಟ್ಟರು, ಏಕೆಂದರೆ ಹೀಗೆ ಕೇಳುವವರು ಬಂದಾಗ ಏನು ಮಾಡಬೇಕೆಂದು ಅಧಿಕಾರಿಗಳಿಗೆ ತಿಳಿದಿರಲಿಲ್ಲ. ಗೋಡೆಗೆ ಒರಗಿ ನಿಂತು, ಗಟ್ಟಿಯಾಗಿ ಓದಿದ ಅಂಕಿಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ಪೂರ್ವ ಬರ್ಲಿನ್ನಿನ ವೈಸೆನ್‌ಸೇ ಬಡಾವಣೆಯಲ್ಲಿ ಬಹುಪಾಲು ಮತಗಟ್ಟೆಗಳಿಗೆ ಅವರು ಹೋಗಿದ್ದರು.

ಆ ರಾತ್ರಿ ಟಿವಿಯಲ್ಲಿ ಚುನಾವಣಾ ಆಯೋಗದ ಅಧ್ಯಕ್ಷ ಎಗೋನ್ ಕ್ರೆಂಜ್ ಫಲಿತಾಂಶ ಓದಿದ: ನೂರಕ್ಕೆ 98.85. ಈ ಹುಡುಗರು ಮೇಜಿನ ಸುತ್ತ ಕೂತು ತಮ್ಮ ಪುಸ್ತಕಗಳ ಅಂಕಿ ಕೂಡಿದರು. ತಾವು ಕಣ್ಣಾರೆ ಕಂಡ ವಿರೋಧ ಮತಗಳೇ, ಇಡೀ ವೈಸೆನ್‌ಸೇಗೆ ಸರ್ಕಾರ ಘೋಷಿಸಿದ್ದಕ್ಕಿಂತ ಹೆಚ್ಚಾಗಿದ್ದವು.

ನನ್ನನ್ನು ಬಹಳ ಕಾಡಿದ ಸಂಗತಿ ಇನ್ನೊಂದು. ನಿಜವಾದ ಲೆಕ್ಕದಲ್ಲೂ ಪಕ್ಷ ಸೋಲುತ್ತಿರಲಿಲ್ಲ. ಇಷ್ಟೆಲ್ಲ ಬಿಗಿಯ ನಡುವೆ ಬಹುದೊಡ್ಡ ಬಹುಮತ ಮೊದಲಿನಂತೆಯೇ ಚೀಟಿ ಮಡಿಸಿತ್ತು. ಆದರೂ ಮರೆಯತ್ತ ನಡೆದವರನ್ನು ಲೆಕ್ಕದಿಂದ ಅಳಿಸಿದರು. ಸುಮಾರು ನಲವತ್ತು ವರ್ಷ ನೂರಕ್ಕೆ ತೊಂಬತ್ತೊಂಬತ್ತು ಎಂದು ಹೇಳಿಕೊಂಡು ಬಂದವರಿಗೆ ತೊಂಬತ್ತು ಎನ್ನುವ ಧೈರ್ಯ ಉಳಿದಿರಲಿಲ್ಲ.

ಚುನಾವಣೆಯ ಅಂಕಿ ತಿದ್ದುವುದು ಆ ದೇಶದ ಕಾನೂನಿನಲ್ಲೇ ಅಪರಾಧವಾಗಿತ್ತು. ಹುಡುಗರು ಅದೇ ಕಾನೂನಿನಡಿ ದೂರು ಕೊಟ್ಟರು. ದೂರುಗಳನ್ನು ತಳ್ಳಿಹಾಕಲಾಯಿತು. ಆಗ ಅವರು ಪ್ರತಿ ತಿಂಗಳ ಏಳನೇ ತಾರೀಕು ಬೀದಿಗಿಳಿಯತೊಡಗಿದರು. ಮೊದಲ ಸಲ, ಜೂನ್ 7ರಂದು, ಪೊಲೀಸರು ಬಂಧಿಸಿದರು. ಆಮೇಲೆ ಸೇರುವ ಜಾಗ ಪೂರ್ವ ಬರ್ಲಿನ್ನಿನ ಅಲೆಕ್ಸಾಂಡರ್ ಚೌಕವಾಯಿತು. ಅಕ್ಟೋಬರ್ 7 ಬಂತು. ಅದು ಆ ದೇಶದ ನಲವತ್ತನೇ ಹುಟ್ಟುಹಬ್ಬವೂ ಹೌದು. 'ಅರಮನೆ' ಎನ್ನುತ್ತಿದ್ದ ಸಂಸತ್ ಭವನದೊಳಗೆ ಸೋವಿಯತ್ ನಾಯಕ ಗೊರ್ಬಚೆವ್ ಅತಿಥಿಯಾಗಿ ಕೂತಿದ್ದಾಗ, ಚೌಕದಲ್ಲಿ ಸೇರಿದ್ದವರು ಅರಮನೆಯ ಕಡೆಗೆ ಹೊರಟರು, ದಾರಿಯುದ್ದಕ್ಕೂ ಜನ ಕೂಡಿಕೊಂಡರು. ಒಂದು ತಿಂಗಳು ಎರಡು ದಿನಗಳಲ್ಲಿ ನಗರವನ್ನು ಎರಡಾಗಿ ಸೀಳಿದ್ದ ಬರ್ಲಿನ್ ಗೋಡೆ ತೆರೆಯಿತು. ಡ್ರೆಸ್ಡನ್ ಜಿಲ್ಲೆಯ ಪಕ್ಷದ ಮುಖ್ಯಸ್ಥನಾಗಿದ್ದು ನಂತರ ಪ್ರಧಾನಿಯೂ ಆದ ಹಾನ್ಸ್ ಮೊಡ್ರೋವ್, ಮೇ 7ರ ಅಂಕಿ ತಿದ್ದಿದ್ದರಲ್ಲಿ ತಪ್ಪಿತಸ್ಥನೆಂದು 1993ರಲ್ಲಿ ನ್ಯಾಯಾಲಯ ಹೇಳಿತು.

1990ರ ಮಾರ್ಚ್ 18, ಮತ್ತೆ ಭಾನುವಾರ. ಫೋಲ್ಕ್ಸ್‌ಕಾಮರ್‌ಗೆ ಮೊದಲ ಮುಕ್ತ ಚುನಾವಣೆ. ಮತಪತ್ರದಲ್ಲಿ ಪಕ್ಷಗಳ ಸಾಲು, ಪಕ್ಕದಲ್ಲಿ ಗುರುತು ಹಾಕಲು ಜಾಗ. ಯಾರೂ ಬಾಗಿಲು ತಟ್ಟದಿದ್ದರೂ ನೂರಕ್ಕೆ 93.4 ಮಂದಿ ಬಂದರು. ಗೆದ್ದದ್ದು ಪಶ್ಚಿಮದೊಂದಿಗೆ ಬೇಗ ಒಂದಾಗೋಣ ಎಂದ ಕೂಟ. ಹಿಂದಿನ ಆಳುವ ಪಕ್ಷ ಹೊಸ ಹೆಸರಿನಲ್ಲಿ 16.4 ಪಡೆಯಿತು. ಗೋಡೆಗೆ ಒರಗಿ ನಿಂತು ಅಂಕಿ ಬರೆದುಕೊಂಡವರ ಗೆಳೆಯರು, ಚಳವಳಿಯ ಗುಂಪುಗಳು, ಒಟ್ಟಾಗಿ ಕಟ್ಟಿದ ಬುಂಡ್ನಿಸ್ 90 ಎಂಬ ಕೂಟಕ್ಕೆ ಬಂದದ್ದು ನೂರಕ್ಕೆ 2.9. ಆ ಅಂಕಿಯನ್ನು ಯಾರೂ ತಿದ್ದಿರಲಿಲ್ಲ.