ಗುಡಿಸಲು ಹೋಯಿತು, ಕಲ್ಲು ಉಳಿಯಿತು
(ಗಚ್ಚಿಬೌಲಿಯಲ್ಲಿ ಕೂಡಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿಯ ಪಾಳಿ ಮುಗಿಸಿ, ನಿದ್ದೆಗೆಟ್ಟು ತಾವೆಲ್ಲ ಇಲ್ಲಿಗೆ ದಯಮಾಡಿಸಿದ್ದೀರಿ. ಆದ್ದರಿಂದ ಉದ್ದ ಭಾಷಣ ಸಲ್ಲದು. ನಾವು ಕೂತಿರುವ ಈ ನೆಲದ ವಿಷಯವಾಗಿಯೇ ನಾಲ್ಕು ಮಾತು ಹೇಳುತ್ತೇವೆ.

ಗಚ್ಚಿಬೌಲಿ ಎಂಬ ಹೆಸರು ನಮ್ಮ ಕಿವಿಗೆ ಹೊಸತಲ್ಲ. ಗಚ್ಚು ಎಂದರೆ ಸುಣ್ಣದ ಗಾರೆ. ಬೌಲಿ ಎಂದರೆ ಬಾವಿ. ಗಚ್ಚು ಹಾಕಿದ ಬಾವಿಯಿಂದ ಊರಿಗೆ ಈ ಹೆಸರು ಬಂದಿತೆನ್ನುತ್ತಾರೆ. ಬಾವಿ ತೋಡಿದ ಕೂಲಿಯವರ ಹೆಸರು ಹೋಯಿತು, ಅವರ ಕೆಲಸ ಊರಿನ ಹೆಸರಾಗಿ ನಿಂತಿತು.

ಅಮೆರಿಕ ದೇಶದಲ್ಲಿ ಒಂದು ವಾಡಿಕೆಯುಂಟು. ಮೊದಲು ಬಂದು ಕಾಡು ಕಡಿದು ನೆಲೆಸಿದವನ ಮರದ ಗುಡಿಸಲು ಎಲ್ಲಿತ್ತೋ ಅಲ್ಲಿ ರಸ್ತೆಯ ಬದಿಗೆ ಒಂದು ಫಲಕ ನಿಲ್ಲಿಸುತ್ತಾರೆ. ಗುಡಿಸಲು ಎಂದೋ ಬಿದ್ದಿರುತ್ತದೆ. ಫಲಕ ಮಾತ್ರ ಇರುತ್ತದೆ. ಒಳ್ಳೆಯ ವಾಡಿಕೆಯೇ. ಆದರೆ ಅವನಿಗಿಂತ ಮುಂಚೆ ಅದೇ ನೆಲದಲ್ಲಿ ಬಾಳಿದ್ದ ಆದಿವಾಸಿಗಳನ್ನು ಆ ಫಲಕಗಳು ಅನೇಕ ವೇಳೆ ಮರೆತುಬಿಡುತ್ತವೆ.

ಹಾಗಾದರೆ ಗಚ್ಚಿಬೌಲಿಗೆ ಮೊದಲು ಬಂದವರು ಯಾರು? ಕಂಪ್ಯೂಟರ್ ಕಂಪನಿಗಳೇ? ಅಲ್ಲ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಪ್ರಾಧ್ಯಾಪಕ ಕೆ.ಪಿ. ರಾವ್ ಅವರು ಅಗೆಸಿ ನೋಡಿದಾಗ ಬೃಹತ್ ಶಿಲಾಯುಗದವರ ಸಮಾಧಿಗಳು, ಮಡಕೆಗಳು, ಕಬ್ಬಿಣದ ಕತ್ತಿ ಅಲಗುಗಳು ದೊರೆತವು. ಇವು ಕ್ರಿಸ್ತಪೂರ್ವ 2200ರಷ್ಟು ಹಳೆಯವೆಂದು ಅವರ ಅಭಿಪ್ರಾಯ. ನಾವು ಇಂದು ಚಹಾ ಕೊಡುವ ಈ ಬೀದಿಗಳ ಪಕ್ಕದಲ್ಲೇ ಆ ಕಾಲಕ್ಕೆ ಕುಲುಮೆಯ ಕೆಲಸ ಬಲ್ಲ ದುಡಿಮೆಗಾರರಿದ್ದರು!

ರಾಯಚೂರಿನಿಂದ ರೈಲು ಹತ್ತಿ ಬರುವವರು ಹೊಳೆ ದಾಟಿದ ಮೇಲೆ ಕೃಷ್ಣಾ ಸ್ಟೇಷನ್ ನೋಡಿರುತ್ತೀರಿ. ಅದೇ ಸೀಮೆಯಲ್ಲಿ, ನಾರಾಯಣಪೇಟೆ ಜಿಲ್ಲೆಯ ಮುಡುಮಾಲ್ ಎಂಬ ಹಳ್ಳಿಯಿದೆ. ಆಳೆತ್ತರವನ್ನು ಮೀರಿದ, 12-14 ಅಡಿಯ ನಿಲುಗಲ್ಲುಗಳು ಅಲ್ಲಿ ಸುಮಾರು 80 ಇವೆ. ಒಂದು ಕಲ್ಲಿನ ಮೇಲೆ ಸಪ್ತರ್ಷಿ ಮಂಡಲವನ್ನು ಕುಳಿಗಳಾಗಿ ಕೊರೆದಿದ್ದಾರೆ. ಒಂದು ಕಲ್ಲನ್ನು ಊರವರು ಎಲ್ಲಮ್ಮನೆಂದು ಪೂಜಿಸುತ್ತಾರೆ. 2025ರಲ್ಲಿ ಯುನೆಸ್ಕೋದವರ ತಾತ್ಕಾಲಿಕ ಪಟ್ಟಿಗೆ ಮುಡುಮಾಲ್ ಸೇರಿತು. ನಮ್ಮ ಗಂಗಾವತಿಯ ಕಡೆಯ ಹಿರೇಬೆಣಕಲ್ ಗುಡ್ಡ 2021ರಲ್ಲೇ ಅದಕ್ಕೆ ಸೇರಿತ್ತು. ಅಲ್ಲಿಯ ಕಲ್ಲುಮನೆಗಳನ್ನು ಜನ ಮೋರ್ಯರ ಮನೆಗಳೆನ್ನುತ್ತಾರೆ.

ಬಂಧುಗಳೇ, ಆ ಕಲ್ಲುಗಳನ್ನು ಒಬ್ಬನೇ ಎತ್ತಲಾರ. ಹತ್ತಾರು ಜನ ಹೆಗಲು ಕೊಟ್ಟು ನಿಲ್ಲಿಸಿದರು. ತಾವು ವಾಸಿಸಿದ ಗುಡಿಸಲುಗಳಿಗೆ ಹುಲ್ಲು, ಮಣ್ಣು ಸಾಕೆಂದುಕೊಂಡರು. ಅಗಲಿದವರ ಗುರುತಿಗೆ ಮಾತ್ರ ಕಲ್ಲು ಹುಡುಕಿದರು.

ನಮ್ಮದೇನು? 1956ರ ನವೆಂಬರ್ 1ರ ವರೆಗೆ ರಾಯಚೂರು, ಕಲಬುರಗಿ, ಬೀದರಿನವರಿಗೆ ಹೈದರಾಬಾದೇ ರಾಜಧಾನಿ. ಆಮೇಲೆ ನಡುವೆ ಗಡಿ ಬಿತ್ತು. ಹೊಟ್ಟೆಪಾಡಿಗೆ ಗಡಿಯಿಲ್ಲವಾದ್ದರಿಂದ ನಾವು ಬರುತ್ತಲೇ ಇದ್ದೆವು. ಹಿಟ್ಟಿನ ಚೀಲದ ಮೇಲೆ ಮಲಗಿದೆವು. ಗಿರಣಿಯ ಬದಿಯ ತಗಡಿನ ಕೋಣೆಯಲ್ಲಿ ಎಂಟು ಜನ ಅಡುಗೆ ಮಾಡಿಕೊಂಡೆವು. ಗಿರಣಿ ಮುಚ್ಚಿತು, ಕೋಣೆ ಹೋಯಿತು. ಆ ಜಾಗ ತೋರಿಸಬಲ್ಲ ಹಿರಿಯರು ಈ ಸಭೆಯಲ್ಲಿ ಮೂವರೇ ಉಳಿದಿದ್ದಾರೆ.

ನೆಲ ಬಲುಬೇಗ ಬದಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಇದೇ ಕಂಚೆ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು ಸುಪ್ರೀಂ ಕೋರ್ಟೇ ತಡೆಯಬೇಕಾಯಿತು. ವಿದ್ಯಾರ್ಥಿಗಳು ಕೂಗೆಬ್ಬಿಸಿದ್ದರಿಂದ ಲೋಕಕ್ಕೆ ತಿಳಿಯಿತು. ನಮ್ಮ ತಗಡಿನ ಕೋಣೆಗಾಗಿ ಯಾರು ಕೂಗಬೇಕು?

ಅದಕ್ಕೆ ನಮ್ಮ ಸಲಹೆ ಇಷ್ಟೆ. ಕಲ್ಲು ನಿಲ್ಲಿಸುವಷ್ಟು ಹಣ ನಮ್ಮಲ್ಲಿಲ್ಲ. ಎರಡು ದಿಸ್ತೆ ಕಾಗದದ ಒಂದು ಪುಸ್ತಕ ಹೊಲಿಸೋಣ. ಮೊದಲು ಬಂದವರ ಹೆಸರು, ಊರು, ಬಂದ ವರ್ಷ, ಮಲಗಿದ ಜಾಗ, ಮಾಡಿದ ಕೆಲಸ, ಇಷ್ಟನ್ನು ಹಿರಿಯರ ಬಾಯಿಂದಲೇ ಕೇಳಿ ಬರೆಯೋಣ. ಅಕ್ಷರ ಬಾರದವರಿಗೆ ಹುಡುಗರು ಬರೆದುಕೊಡಲಿ. ಮುಂದಿನ ರಜೆಗೆ ಊರಿಗೆ ಹೋಗುವಾಗ ಮಕ್ಕಳಿಗೆ ಮುಡುಮಾಲಿನ ಕಲ್ಲುಗಳನ್ನೂ ತೋರಿಸಿರಿ.

ಆ ಮೂವರು ಹಿರಿಯರನ್ನು ಮುಂದೆ ಬಂದು ಕೂರಬೇಕೆಂದು ಬೇಡುತ್ತೇವೆ. ಪುಸ್ತಕದ ಮೊದಲ ಪುಟ ಇಂದೇ ಆರಂಭವಾಗಲಿ.